ಪಿಕಪ್ ಗಾಡಿಯ ಶಾಕ್ ಬುಷ್ಷು: ಲೆಕ್ಕದಲ್ಲಿ ಕಾಣದ ಸವಕಳಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ತಿಳಿವಳಿಕೆ ಶಿಬಿರದಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬ ಅಂದರೆ ದೊಡ್ಡವರು ದೊಡ್ಡ ವಿಷಯ ಮಾತಾಡುವ ದಿನ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ಅಲ್ಲಿಂದ ಈ ಚಳವಳಿ ನಮ್ಮ ನಾಡಿನ ಹಳ್ಳಿ ಹಳ್ಳಿಗೆ ಬಂದದ್ದು, ಇವನ್ನೆಲ್ಲ ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯಲ್ಲೇ ಕೂತಿದ್ದಾರೆ. ನಾನು ಗ್ಯಾರೇಜಿನವನು. ನನಗೆ ಗೊತ್ತಿರುವುದು ಗಾಡಿಯ ಹೊಟ್ಟೆಯ ಕೆಳಗಿನ ಸಂಗತಿ. ಅದರಲ್ಲೂ ಇವತ್ತು ನಾನು ಹೇಳಲಿಕ್ಕೆ ಹೊರಟಿರುವುದು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣ ವಸ್ತುವಿನ ಬಗ್ಗೆ. ಶಾಕ್ ಅಬ್ಸಾರ್ಬರಿನ ಬುಷ್ಷು. ಇಷ್ಟು ಸಣ್ಣದಕ್ಕೆ ಒಂದು ಭಾಷಣವೇ ಅಂತ ನಗಬೇಡಿ. ಕೇಳಿ ಆದಮೇಲೆ ಬೇಕಾದರೆ ನಗಿ.

ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಅಢಾವೆ ಪತ್ರಿಕೆ ಓದುತ್ತಾರೆ. ಅದರಲ್ಲಿ ವಾಹನದ ಬಾಬ್ತು ಬಂದಾಗ 'ಸವಕಳಿ ಕಳೆದು' ಅಂತ ಒಂದು ಮಾತು ಬರುತ್ತದೆ. ಇಂತಿಷ್ಟು ರೂಪಾಯಿ ಸವಕಳಿ ಅಂತ ಬರೆದು ಗಾಡಿಯ ಬೆಲೆ ಇಳಿಸುತ್ತೀರಿ. ನೀವೆಲ್ಲ ಕೈಯೆತ್ತಿ ಒಪ್ಪಿಗೆ ಕೊಡುತ್ತೀರಿ. ಅದು ಕಾಗದದ ಸವಕಳಿ. ನಿಜವಾದ ಸವಕಳಿ ಗಾಡಿಯ ಅಡಿಯಲ್ಲಿ, ಕೆಸರು ಮೆತ್ತಿಕೊಂಡ ಜಾಗದಲ್ಲಿ, ದಿನಾ ನಡೆಯುತ್ತಾ ಇರುತ್ತದೆ. ಅದನ್ನು ಯಾವ ಆಡಿಟರೂ ಬಗ್ಗಿ ನೋಡುವುದಿಲ್ಲ. ಅದನ್ನು ಮೊದಲು ಕೇಳಿಸಿಕೊಳ್ಳುವವನು ಡ್ರೈವರು. ಅವನು ಹೇಳಿದರೆ ನಾವು ಅನ್ನುವುದು ಏನು? "ಇರ್ಲಿ ಬಿಡಪ್ಪ, ಹಳೇ ಗಾಡಿ, ಸದ್ದು ಮಾಡ್ತದೆ." ಈ ಮಾತನ್ನು ಬಿಡಿಸುವುದಕ್ಕೇ ನಾನು ಇವತ್ತು ಬಂದಿರುವುದು.

ಮೊದಲು ಯಾವುದು ಏನು ಕೆಲಸ ಮಾಡುತ್ತದೆ ಅಂತ ತಿಳಿಯೋಣ. ಟಾಟಾ 207 ಆಗಲಿ, ಮಹೀಂದ್ರ ಪಿಕಪ್ ಆಗಲಿ, ನಮ್ಮ ಕಡೆ ಓಡುವ ಹಳೆಯ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಅದೇ ಬ್ಲೇಡ್ ಸೆಟ್ಟು. ಲೋಡಿನ ಭಾರ ಹೊರುವುದು ಈ ಬ್ಲೇಡು. ಬಹಳ ಜನ ಭಾರ ಹೊರುವುದು ಶಾಕು ಅಂತ ತಿಳಿದಿದ್ದಾರೆ. ಅದು ತಪ್ಪು. ಶಾಕಿನ ಕೆಲಸ ಬೇರೆ. ಚಕ್ರ ಗುಂಡಿಗೆ ಬಿದ್ದಾಗ ಬ್ಲೇಡು ಬಗ್ಗುತ್ತದೆ, ಆಮೇಲೆ ಮೇಲಕ್ಕೆ ಚಿಮ್ಮುತ್ತದೆ, ಮತ್ತೆ ಬಗ್ಗುತ್ತದೆ. ಯಾರೂ ತಡೆಯದಿದ್ದರೆ ಮರಕ್ಕೆ ಕಟ್ಟಿದ ಉಯ್ಯಾಲೆಯ ಹಾಗೆ ಕುಣಿಯುತ್ತಾ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕು. ಅದರ ಕೊಳವೆಯೊಳಗೆ ಎಣ್ಣೆ ಇದೆ, ಒಂದು ಪಿಸ್ಟನ್ ಇದೆ, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಶಾಕು ಹಿಗ್ಗುವಾಗಲೂ ಕುಗ್ಗುವಾಗಲೂ ಎಣ್ಣೆ ಆ ತೂತುಗಳಲ್ಲಿ ಒತ್ತರಿಸಿಕೊಂಡು ಹೋಗಬೇಕು. ಆಗ ಕುಣಿತದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಶಾಕು ಅದಕ್ಕೇ ಬೆಚ್ಚಗಿರುವುದು. ನಾಲ್ಕರಲ್ಲಿ ಮೂರು ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ, ಆ ಒಂದು ಕೆಲಸ ಮಾಡುತ್ತಿಲ್ಲ ಅಂತ ತಿಳಿಯಿರಿ. ಆದರೆ ತಟ್ಟನೆ ಬಿಗಿಯಾಗಿ ಹಿಡಿಯಬೇಡಿ, ಕೆಲವು ಸಲ ಕೈ ಸುಡುವಷ್ಟು ಕಾದಿರುತ್ತದೆ.

ಈಗ ಬುಷ್ಷಿಗೆ ಬರೋಣ. ಶಾಕಿನ ತುದಿಯಲ್ಲಿ ಬಳೆಯ ಹಾಗೆ ಒಂದು ಕಣ್ಣು ಇರುತ್ತದೆ. ಕೆಳಗಿನ ಕಣ್ಣು ಅಚ್ಚಿನ ಕಡೆಗೆ, ಮೇಲಿನದು ಚಾಸಿಗೆ. ಆ ಕಣ್ಣಿನೊಳಗೆ ರಬ್ಬರು, ಆ ರಬ್ಬರಿನ ನಡುವೆ ಸಾಮಾನ್ಯವಾಗಿ ಒಂದು ಕಬ್ಬಿಣದ ಕೊಳವೆ, ಅದರೊಳಗೆ ಬೋಲ್ಟು. ಈ ರಬ್ಬರೇ ಇಲ್ಲಿ ಬೇರಿಂಗು. ಗುಂಡುಗಳಿರುವ ಬೇರಿಂಗು ಇಲ್ಲಿಲ್ಲ. ಅಂಗಡಿಗೆ ಹೋಗಿ "ಶಾಕ್ ಬೇರಿಂಗ್ ಕೊಡಿ" ಅಂದರೆ ಅವರು ಬೇರೆ ಏನನ್ನೋ ಕೊಟ್ಟುಬಿಡುತ್ತಾರೆ. ಮಾರುತಿ ಓಮ್ನಿಯಂಥ ಗಾಡಿಗಳಲ್ಲಿ ಮುಂದಿನ ಶಾಕು ಸ್ಪ್ರಿಂಗಿನ ನಡುವೆ ನಿಂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಅದೂ ತಿರುಗುವುದರಿಂದ ಅದರ ತಲೆಯಲ್ಲಿ ಒಂದು ಬೇರಿಂಗು ಇರುತ್ತದೆ. ಅದು ಬೇರೆ ಜಾತಿ. ಅದರ ಸ್ಪ್ರಿಂಗು ಒಳಗೇ ಒತ್ತಿ ಕೂತಿರುತ್ತದೆ. ಸ್ಪ್ರಿಂಗು ಹಿಡಿಯುವ ಸಾಧನವಿಲ್ಲದೆ ತಲೆಯ ನಟ್ಟು ಬಿಚ್ಚಿದರೆ ಮುಖಕ್ಕೆ ಹಾರಿ ಪ್ರಾಣಕ್ಕೇ ಬರಬಹುದು. ಅದನ್ನು ಮನೆಯ ಅಂಗಳದಲ್ಲಿ ಯಾರೂ ಬಿಚ್ಚಬಾರದು. ನಾನು ಹೇಳುತ್ತಿರುವುದು ಪಿಕಪ್ಪಿನ ಹಿಂದಿನ ಶಾಕು, ರಬ್ಬರು ಬುಷ್ಷಿನದು.

ಎತ್ತಿನ ಗಾಡಿ ಕಂಡವರು ಇಲ್ಲಿ ಬಹಳ ಜನ ಇದ್ದೀರಿ. ಅಚ್ಚಿಗೂ ಗುಂಭಕ್ಕೂ ನಡುವೆ ಕೀಲೆಣ್ಣೆ ಹಾಕುತ್ತಿದ್ದೆವು. ಒಂದರ ಮೇಲೊಂದು ಜಾರಿ ತಿರುಗುವ ಜಾಗ ಅದು, ಎಣ್ಣೆ ಬೇಕು. ರಬ್ಬರು ಬುಷ್ಷಿನಲ್ಲಿ ಹಾಗಲ್ಲ. ಅಲ್ಲಿ ಯಾವುದೂ ಜಾರುವುದಿಲ್ಲ. ಹೊರಗಿನ ಕಣ್ಣು ರಬ್ಬರನ್ನು ಹಿಡಿದಿರುತ್ತದೆ, ಒಳಗಿನ ಕೊಳವೆಯೂ ಹಿಡಿದಿರುತ್ತದೆ, ನಡುವಿನ ರಬ್ಬರು ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ಸ್ವಲ್ಪ ತಿರುಚಿಕೊಂಡು ವಾಪಸ್ಸು ಬರುತ್ತದೆ. ಆದ್ದರಿಂದ ಅದಕ್ಕೆ ಗ್ರೀಸು ಹಚ್ಚಬಾರದು. ಡೀಸೆಲ್, ಗ್ರೀಸು, ಹಳೆಯ ಇಂಜಿನ್ ಆಯಿಲು ತಗುಲಿದರೆ ಆ ರಬ್ಬರು ಊದಿ ಮೆತ್ತಗಾಗಿ ಹರಿಯುತ್ತದೆ. ಸದ್ದು ಬಂತು ಅಂತ ಸುಟ್ಟ ಆಯಿಲು ಸುರಿಯುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಎರಡು ದಿನ ಸದ್ದು ನಿಲ್ಲುತ್ತದೆ, ಬುಷ್ಷಿನ ಆಯಸ್ಸು ಮಾತ್ರ ಮುಗಿಯುತ್ತದೆ. ನೆನಪಿಡಲು ಒಂದು ಸೂತ್ರ ಹೇಳುತ್ತೇನೆ: ಗ್ರೀಸ್ ನಿಪ್ಪಲ್ ಇದ್ದ ಕಡೆ ಗ್ರೀಸು ತಪ್ಪಿಸಬೇಡಿ, ರಬ್ಬರು ಇದ್ದ ಕಡೆ ಗ್ರೀಸು ಸೋಕಿಸಬೇಡಿ.

ಬುಷ್ಷು ಸವೆಯುವುದು ಹೇಗೆ? ಬಿಸಿಲು, ಧೂಳು, ಕೆಸರು, ವಯಸ್ಸು, ಎಲ್ಲಕ್ಕಿಂತ ಹೆಚ್ಚಾಗಿ ಓವರ್‌ಲೋಡು. ಸ್ವಲ್ಪ ಲೆಕ್ಕ ಹಾಕೋಣ. ಟೊಮೆಟೊ ಬಾಕ್ಸು ಒಂದಕ್ಕೆ 15 ಕಿಲೋ. 100 ಬಾಕ್ಸು ಹೇರಿದರೆ 1500 ಕಿಲೋ. "ಇನ್ನೊಂದು 20 ಬಾಕ್ಸು ಹಾಕೋ ಮಾರಾಯ" ಅಂದರೆ 300 ಕಿಲೋ ಹೆಚ್ಚಾಯಿತು. ಯೂರಿಯಾ ಚೀಲ 45 ಕಿಲೋ. 40 ಚೀಲ ಅಂದರೆ 1800 ಕಿಲೋ. ನಿಮ್ಮ ಗಾಡಿ ಎಷ್ಟು ಹೊರಬಹುದು ಅಂತ ಆರ್.ಸಿ.ಯಲ್ಲೇ ಇದೆ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ, ಉಳಿದದ್ದು ನಿಮ್ಮ ಹಕ್ಕಿನ ಲೋಡು. ಅದನ್ನು ಮೀರಿದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ 20 ಸಾವಿರ ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ದಂಡ ತಪ್ಪಿಸಿಕೊಂಡೆವು ಅಂತಲೇ ಇಟ್ಟುಕೊಳ್ಳಿ. ಬುಷ್ಷಿನ ಕೈಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಸವೆದದ್ದು ಗೊತ್ತಾಗುವುದು ಹೇಗೆ? ಮೊದಲನೆಯ ಗುರುತು ಸದ್ದು. ದೊಡ್ಡ ಗುಂಡಿಯಲ್ಲಿ 'ಧಡ್' ಅನ್ನುವುದಲ್ಲ, ಸಣ್ಣ ಕಲ್ಲಿನ ಮೇಲೆ ನಿಧಾನಕ್ಕೆ ಹೋಗುವಾಗ 'ಟಕ್ ಟಕ್' ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಖಾಲಿ ಗಾಡಿಯಲ್ಲಿ ಹೆಚ್ಚು ಕೇಳಿಸುತ್ತದೆ. ಎರಡನೆಯದು ಕಣ್ಣಿಗೆ ಕಾಣುವ ಗುರುತು. ರಬ್ಬರು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಒಂದು ಕಡೆ ಹೊರಗೆ ಬಂದಿರುತ್ತದೆ, ಇಲ್ಲವೇ ಬೋಲ್ಟು ಕಣ್ಣಿನ ನಡುವೆ ಇರದೆ ಒಂದು ಕಡೆಗೆ ವಾಲಿರುತ್ತದೆ. ಮೂರನೆಯದು, ಶಾಕನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ, ಅಥವಾ ಕಣ್ಣಿನ ಪಕ್ಕ ಒಂದು ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ, ಲೊಟಲೊಟ ಅನ್ನುತ್ತದೆ. ನಾಲ್ಕನೆಯದು ಟೈರು. ಅಂಗೈಯನ್ನು ಟೈರಿನ ಸುತ್ತ ಸವರಿ ನೋಡಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದು ಸವೆದಿದ್ದರೆ ಚಕ್ರ ಕುಣಿಯುತ್ತಿದೆ ಅಂತ ಅರ್ಥ. ಕೊಳವೆಯ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಕೆಟ್ಟಿರುವುದು ಬುಷ್ಷಲ್ಲ, ಶಾಕೇ ಹೋಗಿದೆ. ಕಾರಿನಲ್ಲಿ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುತ್ತಾರಲ್ಲ, ಪಿಕಪ್ಪಿನ ಗಟ್ಟಿ ಬ್ಲೇಡಿನಲ್ಲಿ ಆ ಪರೀಕ್ಷೆ ಅಷ್ಟಾಗಿ ನಡೆಯುವುದಿಲ್ಲ. ಇನ್ನೊಂದು ಮಾತು: ಬ್ಲೇಡಿನ ಶಾಕಲ್ ಬುಷ್ಷು ಸವೆದರೂ ಹೆಚ್ಚು ಕಡಿಮೆ ಇದೇ ಸದ್ದು ಬರುತ್ತದೆ. ಎರಡನ್ನೂ ನೋಡಿಯೇ ತೀರ್ಮಾನಕ್ಕೆ ಬರಬೇಕು.

"ಸದ್ದು ಬಂದರೆ ಬರಲಿ, ಗಾಡಿ ಓಡುತ್ತದಲ್ಲ" ಅನ್ನುವವರಿಗೆ ಒಂದು ನಡೆದ ಸಂಗತಿ ಹೇಳುತ್ತೇನೆ. ಊರ ಹೆಸರು ಬೇಡ, ಗಾಡಿಯ ಮಾಲೀಕರ ಹೆಸರೂ ಬೇಡ. ಒಂದು ಹಳೆಯ ಪಿಕಪ್ಪು, ಮೂರು ನಾಲ್ಕು ತಿಂಗಳಿಂದ ಹಿಂದೆ ಎಡಗಡೆ ಸದ್ದು. ಡ್ರೈವರು ಹೇಳುತ್ತಲೇ ಇದ್ದ. "ಮುಂದಿನ ತಿಂಗಳು ನೋಡೋಣ" ಅನ್ನುತ್ತಲೇ ಇದ್ದರು. ರಬ್ಬರು ಪೂರ್ತಿ ಉದುರಿತು. ಬೋಲ್ಟು ಕಣ್ಣಿಗೆ ಬಡಿದು ಬಡಿದು ದುಂಡಗಿದ್ದ ಕಣ್ಣು ಮೊಟ್ಟೆಯ ಆಕಾರಕ್ಕೆ ಬಂತು. ಕೊನೆಗೆ ಬೋಲ್ಟು ತುಂಡಾಯಿತು. ನೇತಾಡುತ್ತಿದ್ದ ಶಾಕು ಬ್ರೇಕಿನ ಪೈಪಿಗೆ ಹೊಡೆದು ಬ್ರೇಕ್ ಆಯಿಲು ಸೋರಿಹೋಯಿತು. ಬೆಳಗಿನ ಜಾವ, ಮಾರುಕಟ್ಟೆಗೆ ಹೊರಟ ಲೋಡು. ಪೆಡಲು ಒತ್ತಿದರೆ ನೆಲಕ್ಕೆ ಹೋಗುತ್ತಿದೆ. ಇಳಿಜಾರು ಇರಲಿಲ್ಲ, ಪುಣ್ಯ. ಗೇರು ಇಳಿಸಿ ಇಳಿಸಿ ಹೊಲದ ಬದುವಿಗೆ ಏರಿಸಿ ನಿಲ್ಲಿಸಿದ. ಜೀವ ಉಳಿಯಿತು. ಗಾಡಿ ಗ್ಯಾರೇಜಿಗೆ ಬಂದಾಗ ಬ್ರಾಕೆಟ್ಟಿನ ಬೆಸುಗೆಯೂ ಬಿಟ್ಟಿತ್ತು. ಕೆಲವು ನೂರು ರೂಪಾಯಿಯ ರಬ್ಬರಿನಿಂದ ಮುಗಿಯುತ್ತಿದ್ದ ಕೆಲಸ ಹೊಸ ಶಾಕು, ವೆಲ್ಡಿಂಗು, ಬ್ರೇಕ್ ಪೈಪು, ಒಂದು ದಿನದ ಮಾರುಕಟ್ಟೆ, ಇಷ್ಟನ್ನು ನುಂಗಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಇಷ್ಟು ದೂರ ಹೋಗದಿದ್ದರೂ ನಷ್ಟ ಇದ್ದೇ ಇದೆ. ಚಕ್ರ ಕುಣಿದರೆ ಟೈರು ನೆಲ ಬಿಟ್ಟು ಏಳುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕು ಹಾಕಿ ಏನು ಪ್ರಯೋಜನ? ತಿರುವಿನಲ್ಲಿ ಲೋಡು ಒಂದು ಕಡೆಗೆ ತೂಗುತ್ತದೆ. ಬಾಕ್ಸಿಗೆ ಬಾಕ್ಸು ಉಜ್ಜಿ ಕೆಳಗಿನ ಸಾಲಿನ ಟೊಮೆಟೊ ರಸ ಸುರಿಸುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿದೆ. ಅಂಥ ದಿನ ಒಂದು ಬಾಕ್ಸು ಜಜ್ಜಿ ಹೋದರೂ ಒಂದು ಜೊತೆ ಬುಷ್ಷಿನ ದುಡ್ಡು ಹೋದ ಹಾಗೆ. ಇನ್ನು ಡ್ರೈವರಿನ ಸೊಂಟದ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಬದಲಾಯಿಸುವ ಕ್ರಮ. ಕೈಕೆಲಸ ಬಲ್ಲ ಹುಡುಗರು ಸರಿಯಾಗಿ ಕೇಳಿಸಿಕೊಳ್ಳಿ.

ಗಟ್ಟಿ, ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕು ಹಾಕಿ, ಗೇರಿನಲ್ಲಿಡಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡು ಕೊಡಿ. ಬರೀ ಜಾಕಿಯ ಮೇಲೆ, ಇಟ್ಟಿಗೆ ಜೋಡಿಸಿದ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವವನು ಮನೆಯವರನ್ನು ಒಂದು ಸಲ ನೆನೆಸಿಕೊಳ್ಳಬೇಕು. ಸ್ಟ್ಯಾಂಡು ಅಚ್ಚಿನ ಕೆಳಗೇ ಇರಲಿ. ಅಚ್ಚು ಜೋತುಬಿದ್ದರೆ ಶಾಕು ಬಿಚ್ಚಿದ ಕೂಡಲೇ ಅದು ಇನ್ನೂ ಕೆಳಗಿಳಿದು ಬ್ರೇಕಿನ ಪೈಪು ಎಳೆದುಕೊಳ್ಳುತ್ತದೆ.

ನಟ್ಟು ಬೋಲ್ಟು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಈ ರಬ್ಬರನ್ನು ಹೇಗೂ ಬಿಸಾಡುತ್ತೇವೆ, ಆದ್ದರಿಂದ ಎಣ್ಣೆ ತಗುಲಿದರೆ ಚಿಂತೆಯಿಲ್ಲ. ಶಾಕು ಕೈಗೆ ಬಂದಮೇಲೆ ಅದನ್ನು ನೆಟ್ಟಗೆ ಹಿಡಿದು ಪೂರ್ತಿ ಎಳೆದು ಒತ್ತಿ ನೋಡಿ. ಒಂದೇ ಸಮನೆ ಬಿಗಿಯಾಗಿ ಹೋಗಿ ಬರಬೇಕು. ನಡುವೆ ಸಡಿಲ ಸಿಕ್ಕಿದರೆ, ಎಣ್ಣೆ ಸೋರಿದ್ದರೆ, ಒಳಗಿನ ಕಡ್ಡಿ ಬಗ್ಗಿದ್ದರೆ, ಕಣ್ಣು ಮೊಟ್ಟೆಯಾಕಾರಕ್ಕೆ ಬಂದಿದ್ದರೆ, ಬುಷ್ಷಿಗೆ ದುಡ್ಡು ಹಾಕಬೇಡಿ. ಶಾಕನ್ನೇ ಬದಲಾಯಿಸಿ. ಕೆಲವು ಶಾಕುಗಳಲ್ಲಿ ರಬ್ಬರನ್ನು ಕಣ್ಣಿಗೇ ಕಾಯಂ ಅಂಟಿಸಿರುತ್ತಾರೆ, ಬುಷ್ಷು ಬೇರೆಯಾಗಿ ಸಿಗುವುದೇ ಇಲ್ಲ. ಅಲ್ಲೂ ಶಾಕೇ ಬದಲಾಗಬೇಕು.

ಹಳೆಯ ಬುಷ್ಷು ತೆಗೆಯುವಾಗ ಬೆಂಕಿ ಹಚ್ಚಿ ಸುಡುವ ಅಭ್ಯಾಸ ಹಲವು ಕಡೆ ಇದೆ. ಬೇಡ. ಶಾಕಿನೊಳಗೆ ಎಣ್ಣೆ ಇದೆ, ಕೆಲವದರಲ್ಲಿ ಒತ್ತಡದ ಗ್ಯಾಸೂ ಇದೆ. ಕಾದರೆ ಸಿಡಿಯಬಹುದು. ಸುಟ್ಟ ರಬ್ಬರಿನ ಹೊಗೆಯೂ ಎದೆಗೆ ಕೆಟ್ಟದ್ದು. ಬೆಂಚ್ ವೈಸಿನಲ್ಲಿ ಕಣ್ಣಿನ ಒಂದು ಕಡೆ ಬುಷ್ಷಿಗಿಂತ ದೊಡ್ಡ ಸಾಕೆಟ್ಟು, ಇನ್ನೊಂದು ಕಡೆ ಸಣ್ಣ ಸಾಕೆಟ್ಟು ಇಟ್ಟು ನಿಧಾನವಾಗಿ ಬಿಗಿದರೆ ಸಣ್ಣದು ಬುಷ್ಷನ್ನು ದೂಡಿ ದೊಡ್ಡದರೊಳಗೆ ಹಾಕುತ್ತದೆ. ವೈಸು ಇಲ್ಲದಿದ್ದರೆ ಉದ್ದದ ಬೋಲ್ಟು, ಎರಡು ದಪ್ಪ ವಾಷರು, ಒಂದು ಕೊಳವೆ ತುಂಡಿನಿಂದಲೂ ಇದೇ ಕೆಲಸ ಆಗುತ್ತದೆ. ಸುತ್ತಿಗೆಯಿಂದ ಶಾಕಿನ ಮೈಗೆ ಮಾತ್ರ ಹೊಡೆಯಬೇಡಿ. ಕೊಳವೆ ನೆಗ್ಗಿದರೆ ಶಾಕು ಸತ್ತ ಹಾಗೆ.

ಕಣ್ಣಿನ ಒಳಗನ್ನು ಉಪ್ಪು ಕಾಗದದಿಂದ ಉಜ್ಜಿ ತುಕ್ಕು ತೆಗೆದು ಒರೆಸಿ. ಹೊಸ ಬುಷ್ಷಿಗೆ ಸೋಪಿನ ನೀರು ಸವರಿ ಅದೇ ವೈಸಿನಲ್ಲಿ ಒತ್ತಿ ಕೂರಿಸಿ. ಸೋಪಿನ ನೀರು ಆಮೇಲೆ ಒಣಗಿಹೋಗುತ್ತದೆ, ರಬ್ಬರಿಗೆ ಕೆಡುಕಿಲ್ಲ. ಎರಡೂ ಕಡೆ ಸಮವಾಗಿ ಹೊರಗೆ ಬಂದಿರಬೇಕು. ಪೇಟೆಯಲ್ಲಿ ಪಾಲಿಯುರಿಥೇನ್ ಬುಷ್ಷು ಅಂತಲೂ ಸಿಗುತ್ತದೆ. ಗಟ್ಟಿ, ಬಾಳಿಕೆ ಹೆಚ್ಚು, ಆದರೆ ಕುಲುಕಾಟವನ್ನು ಚಾಸಿಗೆ ಹೆಚ್ಚು ದಾಟಿಸುತ್ತದೆ. ಅದಕ್ಕೆ ಅದರ ಜೊತೆಗೆ ಕೊಡುವ ಗ್ರೀಸನ್ನೇ ಹಾಕಬೇಕು.

ಕೂರಿಸುವ ಮುಂಚೆ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ಮಲಗಿಸಿಟ್ಟಾಗ ಎಣ್ಣೆಯಲ್ಲಿ ಸೇರಿದ ಗಾಳಿ ಮೇಲಕ್ಕೆ ಹೋಗುತ್ತದೆ. ಸವೆದ ಬೋಲ್ಟು, ಹಳೆಯ ನೈಲಾನ್ ನಟ್ಟು ಮತ್ತೆ ಹಾಕಬೇಡಿ. ಆ ನಟ್ಟಿನ ಹಿಡಿತ ಒಂದೇ ಸಲಕ್ಕೆ.

ಇನ್ನು ನಾನು ಹೇಳುವುದು ಬಹಳ ಗ್ಯಾರೇಜುಗಳಲ್ಲೂ ತಪ್ಪಿಹೋಗುವ ವಿಷಯ. ಗಾಡಿ ಮೇಲೆತ್ತಿ ಅಚ್ಚು ಜೋತುಬಿದ್ದಿರುವಾಗ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಕೈಬಿಗಿ ಮಾಡಿ, ಗಾಡಿ ಕೆಳಗಿಳಿಸಿ, ನಾಲ್ಕೂ ಚಕ್ರದ ಮೇಲೆ ತನ್ನ ಭಾರಕ್ಕೆ ತಾನು ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಯಾಕೆ? ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಂತ ಆಗಲೇ ಹೇಳಿದೆ. ಜೋತುಬಿದ್ದಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ನಿಂತಿರುತ್ತದೆ. ಆಮೇಲೆ ಗುಂಡಿ ಬಂದಾಗ ಇನ್ನೂ ತಿರುಚಬೇಕು, ಹರಿಯುತ್ತದೆ. "ಹೊಸ ಬುಷ್ಷು ಹಾಕಿ ಆರು ತಿಂಗಳಾಗಿಲ್ಲ, ಡೂಪ್ಲಿಕೇಟ್ ಕೊಟ್ಟವನೆ" ಅಂತ ಅಂಗಡಿಯವನನ್ನು ಬೈಯುವ ಮುಂಚೆ ಬಿಗಿದದ್ದು ಹೇಗೆ ಅಂತ ಕೇಳಿ. ಎಷ್ಟು ಬಿಗಿಯಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ.

ಮೇಲಿನ ತುದಿಯಲ್ಲಿ ಕಣ್ಣಿಲ್ಲದೆ ಕಡ್ಡಿಯಿರುವ ಶಾಕುಗಳಿವೆ. ಅವಕ್ಕೆ ವಡೆಯಂಥ ಎರಡು ರಬ್ಬರು, ಬಟ್ಟಲಿನಂಥ ವಾಷರು ಬರುತ್ತವೆ. ಅಲ್ಲಿ ರಬ್ಬರು ಸ್ವಲ್ಪ ಉಬ್ಬಿ ವಾಷರಿನ ಅಂಚಿಗೆ ಬರುವಷ್ಟು ಬಿಗಿದರೆ ಸಾಕು. ಅಪ್ಪಚ್ಚಿ ಮಾಡಬೇಡಿ. ಯಾವ ಜಾತಿಯದಾದರೂ ಎಡ ಬಲ ಜೊತೆಯಾಗಿಯೇ ಬದಲಾಯಿಸಿ. ಒಂದು ಎತ್ತಿಗೆ ಹುರುಳಿ ಹಾಕಿ ಇನ್ನೊಂದನ್ನು ಉಪವಾಸ ಕೆಡವಿದರೆ ನೊಗ ವಾಲುತ್ತದೆ. ಎಲ್ಲ ಆದಮೇಲೆ ನಾಲ್ಕು ದಿನ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ. ಹಳೆಯ ಶಾಕಿನ ಎಣ್ಣೆಯನ್ನು ಹೊಲಕ್ಕೋ ಬಾವಿಯ ಪಕ್ಕಕ್ಕೋ ಚೆಲ್ಲಬೇಡಿ.

ಸದಸ್ಯ ಬಂಧುಗಳೇ, ಪಾನಾ ಹಿಡಿಯುವ ಕೆಲಸ ಇಷ್ಟೇ. ಆದರೆ ಪಾನಾ ಹಿಡಿಯುವ ಮೊದಲೇ ಆಗಬೇಕಾದ ಕೆಲಸ ಸಂಘದ ಕಚೇರಿಯಲ್ಲಿದೆ. ಆಡಳಿತ ಮಂಡಳಿಗೆ ನನ್ನ ವಿನಂತಿ ಮೂರು.

ಒಂದು, ಗಾಡಿಗೆ ಒಂದು ಪುಸ್ತಕ ಇಡಿ. ತಾರೀಖು, ಓಡಿದ ಕಿಲೋಮೀಟರು, ಡ್ರೈವರು ಹೇಳಿದ ದೂರು, ಏನು ಬದಲಾಯಿಸಿದೆವು, ಬಿಲ್ಲು. ಡ್ರೈವರು ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು. ಎರಡು, ಸಣ್ಣ ರಿಪೇರಿಗೆ ಇಂತಿಷ್ಟು ಮೊತ್ತದವರೆಗೆ ಕಾರ್ಯದರ್ಶಿಗಳೇ ಖರ್ಚು ಮಾಡಬಹುದು ಅಂತ ಒಂದು ಠರಾವು ಮಾಡಿ. ನಿಮ್ಮ ಸಭೆ ತಿಂಗಳಿಗೊಮ್ಮೆ, ಬುಷ್ಷು ಸಭೆಯ ದಿನ ನೋಡಿಕೊಂಡು ಸವೆಯುವುದಿಲ್ಲ. ಮೂರು, ತಿಂಗಳಿಗೊಂದು ದಿನ ಖಾಲಿ ಗಾಡಿಯ ಕೆಳಗೆ ಟಾರ್ಚು ಹಿಡಿದು ಹತ್ತು ನಿಮಿಷ ನೋಡಿ. ಡ್ರೈವರ ಜೊತೆ ಒಬ್ಬರು ನಿರ್ದೇಶಕರೂ ಬಗ್ಗಿ ನೋಡಿದರೆ ಮರ್ಯಾದೆಗೆ ಕುಂದಿಲ್ಲ.

ಸದಸ್ಯರಿಗೂ ಒಂದು ಮಾತು. ಸಂಘದ ಗಾಡಿ ಅಂದರೆ ಯಾರದೂ ಅಲ್ಲದ ಗಾಡಿ ಅಲ್ಲ, ನಿಮ್ಮೆಲ್ಲರದೂ ಹೌದು. ಲೋಡು ಸಾಕು ಅಂತ ಡ್ರೈವರು ಅಂದಾಗ "ನಂದೊಂದು ನಾಲ್ಕು ಬಾಕ್ಸು" ಅಂತ ಜಗಳ ಮಾಡಬೇಡಿ. ಲೋಡಿನ ಮೇಲೆ ಕೂತು ಸಂತೆಗೆ ಹೋಗಬೇಡಿ. ಸಾಮಾನು ಸಾಗಿಸುವ ಗಾಡಿ ಜನರನ್ನು ಹೇರುವುದಕ್ಕಲ್ಲ, ಕಾನೂನೂ ಒಪ್ಪುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನೀವು ಮಲಗಿರುವಾಗ ನಿಮ್ಮ ಬೆಳೆಯನ್ನು ಹೊತ್ತು ಹೋಗುವ ಹುಡುಗನಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಇಪ್ಪತ್ತೈದು ವರ್ಷ ಸಂಘ ನಡೆದದ್ದು ದೊಡ್ಡ ಷೇರಿನಿಂದಲ್ಲ, ಸಣ್ಣ ಸಣ್ಣ ಷೇರುಗಳಿಂದ. ಗಾಡಿಯೂ ಹಾಗೆಯೇ. ಇಂಜಿನ್ನಿಗೆ ಪೂಜೆ ಮಾಡುತ್ತೇವೆ, ಬುಷ್ಷಿನ ಹೆಸರೂ ಗೊತ್ತಿರುವುದಿಲ್ಲ. ಮುಂದಿನ ಸಲ ಗಾಡಿ 'ಟಕ್ ಟಕ್' ಅಂದಾಗ "ಇರ್ಲಿ ಬಿಡು" ಅನ್ನದೆ "ಬುಷ್ಷು ನೋಡಿಸಪ್ಪ" ಅಂದರೆ ನಾನು ಇವತ್ತು ಆಡಿದ ಮಾತು ಸಾರ್ಥಕ.

 ಸಂಘ ಸುವರ್ಣ ಮಹೋತ್ಸವ ಕಾಣಲಿ.

ಜೈ ಸಹಕಾರ.